ಹುಕ್‌ಅಪ್ ಇಲ್ಲದ ಜಾಗದಲ್ಲಿ ಎರಡನೇ ರಾತ್ರಿಗೇ ಬ್ಯಾಟರಿ ಖಾಲಿ: ದೊಡ್ಡ ಲಿಥಿಯಂ ಬ್ಯಾಟರಿ ಕೊಳ್ಳುವುದೊಂದೇ ದಾರಿಯೇ?

ಚಕ್ರದ ಮನೆ (ಸ್ಯಾನ್ ಡಿಯಾಗೊ)

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ 2008ರ ಮಾದರಿಯ, 28 ಅಡಿ ಉದ್ದದ ಕ್ಲಾಸ್ ಸಿ ಮೋಟರ್‌ಹೋಮ್ (ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಓಡಾಡುವ ಮನೆ) ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಇಷ್ಟು ದಿನ ಹುಕ್‌ಅಪ್, ಅಂದರೆ ಕರೆಂಟು, ನೀರಿನ ಸಂಪರ್ಕ ಎರಡೂ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲೇ ತಂಗುತ್ತಿದ್ದುದರಿಂದ ಗಾಡಿಯಲ್ಲಿ ಬ್ಯಾಟರಿ ಎಂಬುದೊಂದಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಡಿಸೆಂಬರ್ ಕೊನೆಯ ವಾರ, ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮನನ್ನೂ ಸೇರಿಸಿಕೊಂಡು ನಾವು ಐದು ಜನ ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರದ ಬಿ.ಎಲ್.ಎಂ. (ಅಮೆರಿಕ ಸರ್ಕಾರದ ಭೂ ನಿರ್ವಹಣಾ ಇಲಾಖೆ) ಜಮೀನಿನಲ್ಲಿ ನಾಲ್ಕು ರಾತ್ರಿ ಉಳಿಯೋಣವೆಂದು ಹೋದೆವು. ಎರಡನೇ ರಾತ್ರಿಗೇ ಬ್ಯಾಟರಿ ಕೈಕೊಟ್ಟಿತು.

ಬೆಳಗಿನ ಜಾವ ನಾಲ್ಕೂವರೆಯ ಸುಮಾರಿಗೆ ಗಾಡಿಯನ್ನು ಬೆಚ್ಚಗಿಡುವ ಫರ್ನೇಸಿನ ಫ್ಯಾನ್ ಸದ್ದು ಎಳೆದೆಳೆದು ಇಳಿಯತೊಡಗಿ ಎಚ್ಚರವಾಯಿತು. ಅಷ್ಟರಲ್ಲಿ ನೆಲದ ಹತ್ತಿರವಿರುವ ಗ್ಯಾಸ್ ಡಿಟೆಕ್ಟರ್ ಕೀಚ್ ಕೀಚ್ ಎನ್ನಲು ಶುರುಮಾಡಿತು; ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕ್ ಮೂಲಕ ಗಾಳಿ ಒತ್ತುವ ಅಪ್ಪನ ಸಿಪ್ಯಾಪ್ ಯಂತ್ರ ನಿಂತು, ಅವರು ಮಾಸ್ಕ್ ತೆಗೆದು ಮಂಚದ ತುದಿಯಲ್ಲಿ ಕುಳಿತಿದ್ದರು. ಜನರೇಟರ್ ಶುರುಮಾಡೋಣವೆಂದು ಗುಂಡಿ ಒತ್ತಿದರೆ ಟಕ್ ಟಕ್ ಎಂದಿತೇ ಹೊರತು ತಿರುಗಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ 11.3 ವೋಲ್ಟ್ ಇತ್ತು. ಕೊನೆಗೆ ಗಾಡಿಯ ಎಂಜಿನ್ ಚಾಲೂ ಮಾಡಿ ಒಂದು ಗಂಟೆ ನಿಲ್ಲಿಸಿಕೊಂಡೇ ಓಡಿಸಿ, ಬೆಳಗಾದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೊರಟೆವು.

ಗಾಡಿಯಲ್ಲಿರುವ ಸಾಮಾನು ಇಷ್ಟು: ಹೌಸ್ ಬ್ಯಾಟರಿಯಾಗಿ (ಎಂಜಿನ್ನಿನದಲ್ಲ, ವಾಸದ ಭಾಗಕ್ಕೆ ಕರೆಂಟ್ ಕೊಡುವುದು) ಗಾಲ್ಫ್ ಗಾಡಿಗೆ ಹಾಕುವ 6 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿಗಳು, ಸರಣಿಯಲ್ಲಿ ಜೋಡಿಸಿದ್ದು, 225 ಆಂಪಿಯರ್-ಗಂಟೆ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ), ಚಾವಣಿಯ ಮೇಲೆ ಮಲಗಿಸಿದಂತಿರುವ 200 ವ್ಯಾಟ್ ಸೋಲಾರ್ ಪ್ಯಾನಲ್, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸಲು ಹಿಂದಿನ ಮಾಲೀಕರು ಹಾಕಿಸಿದ 2000 ವ್ಯಾಟ್ ಇನ್ವರ್ಟರ್, ಪ್ರೊಪೇನ್ ಮೇಲೆ ಓಡುವ ಫ್ರಿಜ್ಜು, 4 ಕಿಲೋವ್ಯಾಟ್ ಜನರೇಟರ್. ಹಗಲಿನಲ್ಲಿ ಜನರೇಟರನ್ನು ಎರಡು ಗಂಟೆ ಓಡಿಸಿದ್ದೆ. ಸಂಜೆ ಐದಕ್ಕೆ ಗೋಡೆಯ ಮೇಲಿನ ನಾಲ್ಕು ದೀಪಗಳ ಸೂಚಕದಲ್ಲಿ ಮೂರು ಉರಿಯುತ್ತಿದ್ದವು. ಬ್ಯಾಟರಿಗೆ ಭಾರವಾಗುತ್ತದೆಂದು ಅಮ್ಮನಿಗೆ ಮಿಕ್ಸಿಯನ್ನೇ ಮುಟ್ಟಗೊಡಲಿಲ್ಲ. ಎರಡು ದಿನ ಚಟ್ನಿಪುಡಿಯಲ್ಲೇ ದೋಸೆ ತಿಂದೆವು. ಇಷ್ಟಾದರೂ ಹೀಗಾಯಿತು. 400 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಹಾಕಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಸದಾ ಸಂಚಾರಿ

ಕಣ್ಣು ಮುಚ್ಚಿಕೊಂಡು ಹಾಕಿಸಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ಕಡಿಮೆಯಾಗುವುದರಿಂದ ನಿಮ್ಮ 225ರಲ್ಲಿ ನಿಜವಾಗಿ ಬಳಕೆಗೆ ಸಿಗುವುದು 110 ಮಾತ್ರ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ತೂಕ ಅರ್ಧಕ್ಕಿಂತ ಕಡಿಮೆ, ನೀರು ಹಾಕುವ ತಾಪತ್ರಯವಿಲ್ಲ, ಕೊಟ್ಟಷ್ಟು ಕರೆಂಟನ್ನು ಕೊನೆಯವರೆಗೂ ಒಂದೇ ವೇಗದಲ್ಲಿ ತೆಗೆದುಕೊಳ್ಳುತ್ತದೆ. ನಾನು ಮೂರು ವರ್ಷದಿಂದ ವ್ಯಾನಿನಲ್ಲೇ ಇದ್ದು ಅಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ಲಿಥಿಯಂ ಇಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ತಂತಿ ಮೇಷ್ಟ್ರು (ಟೂಸಾನ್)

ಸಂಚಾರಿಯವರು ಲಿಥಿಯಂ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಕೊಡದಲ್ಲಿ ತೂತು ಎಲ್ಲಿದೆ ಎಂದು ನೋಡದೆ ದೊಡ್ಡ ಕೊಡ ತಂದರೆ, ಎರಡನೇ ರಾತ್ರಿ ಖಾಲಿಯಾಗುವುದು ನಾಲ್ಕನೇ ರಾತ್ರಿ ಖಾಲಿಯಾಗುತ್ತದೆ, ಅಷ್ಟೇ. ನೀವು ಬರೆದದ್ದರಲ್ಲಿ ಒಂದು ವಾಕ್ಯ ನನ್ನ ಗಮನ ಸೆಳೆಯಿತು. ಅಮ್ಮನಿಗೆ ಮಿಕ್ಸಿ ಮುಟ್ಟಗೊಡಲಿಲ್ಲ ಎಂದಿರಿ. ರಾತ್ರಿಯೆಲ್ಲ ಇನ್ವರ್ಟರ್ ಚಾಲೂ ಇತ್ತೇ ಎಂಬುದನ್ನು ಬರೆಯಲಿಲ್ಲ. ಅಪ್ಪನವರ ಯಂತ್ರ ಅದರ ಮೇಲೆ ಓಡುತ್ತಿದ್ದರೆ ಇದ್ದೇ ಇರುತ್ತದೆ, ಮತ್ತು ನನ್ನ ಅನುಭವದಲ್ಲಿ ಅದನ್ನು ಬೆಳಗ್ಗೆ ಯಾರೂ ಆರಿಸುವುದಿಲ್ಲ.

ಮೊದಲು ಮಿಕ್ಸಿಯ ಲೆಕ್ಕ ನೋಡೋಣ. 550 ವ್ಯಾಟಿನ ಮಿಕ್ಸಿ ಮೂರು ನಿಮಿಷ ತಿರುಗಿದರೆ ಖರ್ಚಾಗುವುದು 27.5 ವ್ಯಾಟ್-ಗಂಟೆ. ಇನ್ವರ್ಟರಿನ ನಷ್ಟವನ್ನೂ ಸೇರಿಸಿ 12 ವೋಲ್ಟಿನಿಂದ ಭಾಗಿಸಿದರೆ ಎರಡೂವರೆ ಆಂಪಿಯರ್-ಗಂಟೆಯಷ್ಟಾಗುತ್ತದೆ. ನಿಮ್ಮಲ್ಲಿರುವಂಥ 2000 ವ್ಯಾಟಿನ ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ಮನೆ ಚಾಲೂ ಇದ್ದರೂ ಸಾಮಾನ್ಯವಾಗಿ ಒಂದರಿಂದ ಎರಡು ಆಂಪಿಯರ್ ಎಳೆಯುತ್ತದೆ. ಒಂದೂವರೆ ಎಂದು ಹಿಡಿದರೂ ದಿನಕ್ಕೆ 36 ಆಂಪಿಯರ್-ಗಂಟೆ. ಅಂದರೆ ಅದು ಒಂದು ದಿನ ಸುಮ್ಮನೆ ಕುಳಿತು ತಿಂದದ್ದರಲ್ಲಿ ಅಮ್ಮನವರು ಹದಿನಾಲ್ಕು ಸಲ ಚಟ್ನಿ ರುಬ್ಬಬಹುದಿತ್ತು. ಸದ್ದು ಮಾಡುವ ಯಂತ್ರಗಳಿಗೆ ನಾವು ಹೆದರುತ್ತೇವೆ, ಬ್ಯಾಟರಿಯನ್ನು ಖಾಲಿ ಮಾಡುವುದು ಮಾತ್ರ ಗಂಟೆಗಟ್ಟಲೆ ಸದ್ದಿಲ್ಲದೆ ಓಡುವವು. ವ್ಯಾಟ್ ಎಷ್ಟು ಎಂದು ಕೇಳುವ ಮೊದಲು ಎಷ್ಟು ಗಂಟೆ ಎಂದು ಕೇಳಿ.

ಎರಡನೆಯದು ಫರ್ನೇಸ್. ಅದು ಪ್ರೊಪೇನ್ ಉರಿಸುತ್ತದೆ ಎಂಬ ಕಾರಣಕ್ಕೆ ಬ್ಯಾಟರಿಯ ಲೆಕ್ಕದಲ್ಲಿ ಅದನ್ನು ಹೆಚ್ಚಿನವರು ಸೇರಿಸುವುದೇ ಇಲ್ಲ. ಗಾಳಿ ತಳ್ಳುವ ಫ್ಯಾನ್ ಏಳೆಂಟು ಆಂಪಿಯರ್ ಎಳೆಯುತ್ತದೆ. ರಾತ್ರಿಯ ಹತ್ತು ಗಂಟೆಗಳಲ್ಲಿ ಅರ್ಧ ಹೊತ್ತು ಅದು ಓಡಿದರೆ ಅಲ್ಲಿಗೆ 40 ಆಂಪಿಯರ್-ಗಂಟೆ. ಹಿರಿಯರಿಗೆ ಚಳಿಯಾಗಬಾರದೆಂದು ನೀವು ಥರ್ಮೋಸ್ಟಾಟನ್ನು 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ದರೆ ಅದು ಅರ್ಧಕ್ಕಿಂತ ಹೆಚ್ಚು ಹೊತ್ತೇ ಓಡಿರುತ್ತದೆ. ಮೂರನೆಯದು ಸಿಪ್ಯಾಪ್: ಅದರ ನೀರು ಬಿಸಿಮಾಡುವ ಹ್ಯೂಮಿಡಿಫೈಯರ್ ಚಾಲೂ ಇದ್ದರೆ ಒಂದು ರಾತ್ರಿಗೆ ಇನ್ನೊಂದು 40 ಹೋಗಬಹುದು. ನಾಲ್ಕನೆಯದು ದೀಪಗಳು. 2008ರ ಗಾಡಿಯಲ್ಲಿ ಹಳೆಯ ಬಲ್ಬುಗಳೇ ಇದ್ದರೆ ಒಂದೊಂದೂ ಒಂದೂವರೆ ಆಂಪಿಯರ್. ಆರು ಬಲ್ಬು ನಾಲ್ಕು ಗಂಟೆ ಉರಿದರೆ 36. ಎಲ್ಲ ಕೂಡಿಸಿ ನೋಡಿ, ನಿಮ್ಮ ಅಂಗಡಿಯವರು ಮಾರಲು ಹೊರಟದ್ದು ಏತಕ್ಕೆ ಎಂದು ಗೊತ್ತಾಗುತ್ತದೆ.

ಗೋಡೆಯ ಮೇಲಿನ ನಾಲ್ಕು ದೀಪಗಳ ಸೂಚಕವನ್ನು ಮರೆತುಬಿಡಿ. ಅದು ನೋಡುವುದು ವೋಲ್ಟೇಜನ್ನು ಮಾತ್ರ. ಪ್ಯಾನಲ್‌ಗಳಿಂದ ಕರೆಂಟ್ ಬರುತ್ತಿರುವಾಗ ಅಥವಾ ಬಂದು ನಿಂತ ಹೊಸತರಲ್ಲಿ ವೋಲ್ಟೇಜು ಮೇಲೆದ್ದಿರುತ್ತದೆ, ಅದು ಬ್ಯಾಟರಿಯ ನಿಜವಾದ ಸ್ಥಿತಿಯಲ್ಲ. ಕೆಲವು ಗಂಟೆ ಏನನ್ನೂ ಕೊಡದೆ ಏನನ್ನೂ ತೆಗೆಯದೆ ಬಿಟ್ಟ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.1ರ ಆಸುಪಾಸಿನಲ್ಲಿದ್ದರೆ ಅರ್ಧವಾಗಿದೆ ಎಂದು ಅರ್ಥ. ಆದರೆ ಓಡುತ್ತಿರುವ ಮನೆಯಲ್ಲಿ ಆ ವಿಶ್ರಾಂತಿ ಅದಕ್ಕೆ ಸಿಗುವುದೇ ಇಲ್ಲ. ಆದ್ದರಿಂದ ನೆಗೆಟಿವ್ ತಂತಿಯಲ್ಲಿ ಶಂಟ್ (ಹರಿಯುವ ಕರೆಂಟನ್ನು ಅಳೆಯಲು ಹಾಕುವ ಸಣ್ಣ ತುಂಡು) ಒಂದನ್ನು ಸೇರಿಸಿ, ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಲೆಕ್ಕವಿಡುವ ಬ್ಯಾಟರಿ ಮಾನಿಟರ್ ಹಾಕಿ. ಲಿಥಿಯಂ ಆಮೇಲೆ ಹಾಕಿಸಿದರೂ ಅದು ಬೇಕೇ ಬೇಕು, ಏಕೆಂದರೆ ಲಿಥಿಯಂ ಬ್ಯಾಟರಿ ಬಹುಪಾಲು ಹೊತ್ತು 13.2ರ ಸುತ್ತಮುತ್ತಲೇ ನಿಂತಿದ್ದು, ಖಾಲಿಯಾಗುವ ಕೊನೆಯ ಗಳಿಗೆಯಲ್ಲಿ ಧುತ್ತೆಂದು ಬಿದ್ದುಬಿಡುತ್ತದೆ.

ಇನ್ನೊಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗಿನ ಆಚೀಚೆ ಬ್ಯಾಟರಿಯ ಚಿತ್ರವೋ ಬೂಸ್ಟ್ ಎಂಬ ಬರಹವೋ ಇರುವ, ಒತ್ತಿ ಹಿಡಿಯುವ ಸ್ವಿಚ್ಚು ಇದೆಯೇ ನೋಡಿ. ಜನರೇಟರ್ ಚಾಲೂ ಆಗುವುದು ಹೌಸ್ ಬ್ಯಾಟರಿಯಿಂದ; ಅದು ಸತ್ತಾಗ ಆ ಸ್ವಿಚ್ಚು ಒತ್ತಿಹಿಡಿದರೆ ಎಂಜಿನ್ನಿನ ಬ್ಯಾಟರಿ ಅದರ ಜೊತೆ ಸೇರಿಕೊಳ್ಳುತ್ತದೆ.

ಚಕ್ರದ ಮನೆ

ಸ್ವಿಚ್ಚು ಇದೆ! ಸ್ಟೀರಿಂಗಿನ ಎಡಕ್ಕೆ, ಮೊಣಕಾಲಿನ ಹತ್ತಿರ. ಇಷ್ಟು ದಿನ ಅದನ್ನು ಯಾವುದೋ ಹಳೆಯ ದೀಪದ ಸ್ವಿಚ್ಚು ಎಂದುಕೊಂಡಿದ್ದೆ. ಇನ್ವರ್ಟರ್ ನಾಲ್ಕೂ ಹೊತ್ತು ಚಾಲೂ ಇತ್ತು, ಥರ್ಮೋಸ್ಟಾಟ್ 72ರಲ್ಲಿತ್ತು, ಬಲ್ಬುಗಳು ಮುಟ್ಟಿದರೆ ಸುಡುತ್ತವೆ. ಮೇಷ್ಟ್ರು ಒಂದನ್ನೂ ತಪ್ಪಾಗಿ ಊಹಿಸಿಲ್ಲ. ಶಂಟ್ ತರಿಸುತ್ತಿದ್ದೇನೆ.

ಕೊಡಚಾದ್ರಿ ಕಡೆಯವಳು (ರೀನೋ)

ಲಿಥಿಯಂ ಹಾಕಿಸುವವರಿಗೆ ಚಳಿಯ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ, ನನಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಟೋಬರ್ ಕೊನೆಯಲ್ಲಿ ಮೋನೋ ಸರೋವರದ ಹತ್ತಿರ ತಂಗಿದ್ದೆವು. ಬ್ಯಾಟರಿ ಇದ್ದದ್ದು ಮೆಟ್ಟಿಲ ಪಕ್ಕದ ಹೊರಗಿನ ಪೆಟ್ಟಿಗೆಯಲ್ಲಿ. ರಾತ್ರಿ ಮೈನಸ್ ಏಳು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಬೆಳಗ್ಗೆ ಎಂಟಕ್ಕೆ ಬಿಸಿಲು ಬಂದು ಪ್ಯಾನಲ್‌ಗಳ ಮೇಲಿನ ಮಂಜು ಕರಗಿ ನೀರು ತೊಟ್ಟಿಕ್ಕುತ್ತಿದ್ದರೂ ಮಾನಿಟರ್ ಸೊನ್ನೆ ಆಂಪಿಯರ್ ತೋರಿಸುತ್ತಲೇ ಇತ್ತು. ಪ್ಯಾನಲ್ ಕೆಟ್ಟಿದೆಯೆಂದು ನನ್ನ ಯಜಮಾನರು ಚಾವಣಿ ಹತ್ತಿ ಎಲ್ಲ ಕನೆಕ್ಟರ್‌ಗಳನ್ನು ಬಿಚ್ಚಿ ಹಾಕಿ ಮಾಡಿದರು. ಹನ್ನೊಂದು ಗಂಟೆಗೆ ತಾನಾಗಿಯೇ 18 ಆಂಪಿಯರ್ ಬರತೊಡಗಿತು.

ಆಗಿದ್ದೇನೆಂದರೆ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಬ್ಯಾಟರಿಗಳನ್ನು ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರಿಕೊಳ್ಳುವ ಬದಲು ಲೋಹವಾಗಿ ಮೇಲೆಯೇ ಕೂರುತ್ತದೆ, ಆ ಹಾನಿಯನ್ನು ಮತ್ತೆ ಸರಿಪಡಿಸಲಾಗುವುದಿಲ್ಲ. ಅದಕ್ಕೇ ಒಳಗಿನ ಬಿ.ಎಂ.ಎಸ್. (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಚಾರ್ಜನ್ನು ತಡೆದು ಕೂತಿತ್ತು. ಕರೆಂಟ್ ತೆಗೆಯಲು ಅಡ್ಡಿಯಿಲ್ಲ, ತುಂಬಲು ಮಾತ್ರ ಬಿಡುವುದಿಲ್ಲ. ಈ ತಡೆ ಇಲ್ಲದ ಅಗ್ಗದ ಬ್ಯಾಟರಿಗಳೂ ಮಾರಾಟಕ್ಕಿವೆ ಎಂಬುದು ಇನ್ನೂ ಕೆಟ್ಟ ಸುದ್ದಿ. ನಾವು ಈಗ ಬ್ಯಾಟರಿಯನ್ನು ಊಟದ ಮೇಜಿನ ಬೆಂಚಿನ ಕೆಳಗೆ, ಮನೆಯೊಳಗಿನ ಬೆಚ್ಚಗೆ ತಂದಿಟ್ಟಿದ್ದೇವೆ. ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೆ ಒಳಗೆ ತರಬೇಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ.

ಇನ್ನೊಂದು ಖರ್ಚನ್ನೂ ಅಂಗಡಿಯವರು ಬಾಯಿಬಿಡುವುದಿಲ್ಲ. ಲಿಥಿಯಂ ಎಷ್ಟು ಕೊಟ್ಟರೂ ಎಳೆದುಕೊಳ್ಳುವುದರಿಂದ, ನೀವು ಮಾಡಿದ ಹಾಗೆ ಗಾಡಿಯನ್ನು ನಿಲ್ಲಿಸಿಕೊಂಡು ಎಂಜಿನ್ ಓಡಿಸಿದರೆ, ತಂಪಾಗಲು ಸಾಕಷ್ಟು ಗಾಳಿಯಿಲ್ಲದ ಆಲ್ಟರ್ನೇಟರ್ (ಎಂಜಿನ್ ತಿರುಗಿಸಿ ಕರೆಂಟ್ ಮಾಡುವ ಯಂತ್ರ) ಕಾದು ಸುಟ್ಟುಹೋಗಬಹುದು. ನಡುವೆ ಎಳೆಯುವ ಕರೆಂಟಿಗೆ ಮಿತಿ ಹಾಕುವ, 30 ಅಥವಾ 40 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಲೇಬೇಕು. ಹುಕ್‌ಅಪ್ ಅಥವಾ ಜನರೇಟರಿನ ಕರೆಂಟಿನಿಂದ ಬ್ಯಾಟರಿ ತುಂಬುವ ಹಳೆಯ ಕನ್ವರ್ಟರನ್ನೂ ಬದಲಿಸಬೇಕಾಗುತ್ತದೆ.

ಹುಬ್ಬಳ್ಳಿ ಹುಡುಗ

ನಾನು ಊರಿನಲ್ಲೇ ಇರುವವನು. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ನಾವೇ ಕ್ಯಾಂಪರ್ ಆಗಿ ಮಾಡಿಕೊಳ್ಳುತ್ತಿದ್ದೇವೆ. ಮನೆಯ ಯುಪಿಎಸ್‌ಗೆ ಹಾಕುವ 150 ಆಂಪಿಯರ್-ಗಂಟೆಯ ಟ್ಯೂಬ್ಯುಲರ್ ಬ್ಯಾಟರಿ ನಮ್ಮಲ್ಲಿ ಇದೆ. ಅದನ್ನೇ ಗಾಡಿಯಲ್ಲಿ ಇಟ್ಟರೆ ಆಗುತ್ತದೆಯೇ?

ತಂತಿ ಮೇಷ್ಟ್ರು

ಕೆಲಸ ಮಾಡುತ್ತದೆ, ಆದರೆ ನಾನಾದರೆ ಇಡುವುದಿಲ್ಲ. ಆ ಬ್ಯಾಟರಿ ಮನೆಯ ಮೂಲೆಯಲ್ಲಿ ಅಲುಗಾಡದೆ ಕೂರಲೆಂದು ಮಾಡಿದ್ದು. ಎತ್ತರ ಹೆಚ್ಚು, ಆಸಿಡ್ ಸೇರಿ ಐವತ್ತು ಕಿಲೋಗೂ ಮೇಲೆ ತೂಗುತ್ತದೆ, ಘಾಟಿಯ ತಿರುವುಗಳಲ್ಲಿ ವಾಲಿದರೆ ಮುಚ್ಚಳದ ಫ್ಲೋಟ್‌ಗಳಿಂದ ಆಸಿಡ್ ಹೊರಗೆ ಬರುತ್ತದೆ. ನೀವು ಮಲಗುವ ಜಾಗಕ್ಕೇ ಹೈಡ್ರೋಜನ್ ಕೂಡ ಬರುತ್ತದೆ. ಹೊಸದಾಗಿ ಕಟ್ಟುತ್ತಿರುವ ಗಾಡಿಗೆ, ಅದೂ ನಮ್ಮ ಕಡೆಯ ಹವೆಯಲ್ಲಿ, ಮೊದಲೇ ಲಿಥಿಯಂ ಐರನ್ ಫಾಸ್ಫೇಟ್ ಹಾಕುವುದು ಸರಿ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ, ತಂತಿ ದಪ್ಪವಿರಲಿ. 12 ವೋಲ್ಟಿನಲ್ಲಿ ಸಣ್ಣ ಕೆಲಸಕ್ಕೂ ದೊಡ್ಡ ಕರೆಂಟು ಹರಿಯುತ್ತದೆ.

ಚಕ್ರದ ಮನೆ

ಶಂಟ್ ಹಾಕಿ ಹತ್ತು ದಿನವಾಯಿತು. ಮೊದಲ ಸಂಜೆಯೇ ನಡೆದದ್ದನ್ನು ಬರೆಯುತ್ತೇನೆ, ಏಕೆಂದರೆ ಇದನ್ನು ನೋಡುವವರೆಗೂ ನನಗೆ ನಂಬಿಕೆ ಬಂದಿರಲಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸಿ, ದೀಪ, ಪಂಪು, ಫರ್ನೇಸ್ ಎಲ್ಲವನ್ನೂ ಆರಿಸಿ, ಕತ್ತಲಲ್ಲಿ ಮಾನಿಟರ್ ನೋಡಿದೆ: ಮೈನಸ್ 3.0 ಆಂಪಿಯರ್. ಯಾರೂ ಒಳಗಿಲ್ಲದ, ಏನೂ ಓಡದ ಗಾಡಿ ದಿನಕ್ಕೆ 72 ಆಂಪಿಯರ್-ಗಂಟೆ ಕುಡಿಯುತ್ತಿದೆ ಎಂದಾಯಿತು. ಅಪ್ಪ ಟಾರ್ಚ್ ಹಿಡಿದು ನಿಂತರು, ನಾನು ಒಂದೊಂದೇ ಫ್ಯೂಸ್ ಕೀಳುತ್ತ ಹೋದೆ, ಮಗಳು ಅಂಕಿಗಳನ್ನು ಓದಿ ಹಾಳೆಯಲ್ಲಿ ಬರೆದುಕೊಂಡಳು. ಇನ್ವರ್ಟರ್ ಆರಿಸಿದ ಕೂಡಲೇ 3.0 ಇದ್ದದ್ದು 1.4ಕ್ಕೆ ಇಳಿಯಿತು. ರೇಡಿಯೋ 0.3. ಟಿವಿ ಆಂಟೆನಾದ ಬೂಸ್ಟರ್ 0.2, ಗೋಡೆಯ ಮೇಲೆ ಅದರ ಪುಟ್ಟ ಹಸಿರು ದೀಪ ನಾವು ಗಾಡಿ ಕೊಂಡ ದಿನದಿಂದಲೂ ಉರಿಯುತ್ತಿತ್ತು, ಟಿವಿಯನ್ನು ನಾವು ಒಂದು ದಿನವೂ ಹಾಕಿಲ್ಲ.

ಉಳಿದ 0.9ರಲ್ಲಿ 0.8 ಫ್ರಿಜ್ಜಿನದು. ಪ್ರೊಪೇನ್ ಮೇಲೆ ಓಡುವ ಫ್ರಿಜ್ಜಿಗೆ ಕಂಟ್ರೋಲ್ ಬೋರ್ಡಿನ ಅಲ್ಪಸ್ವಲ್ಪ ಬಿಟ್ಟರೆ ಬೇರೆ ಕರೆಂಟ್ ಬೇಡವಲ್ಲ ಎಂದು ಹುಡುಕಿದಾಗ, ಫ್ರೀಜರ್ ಬಾಗಿಲು ತೆಗೆದರೆ ಮಾತ್ರ ಕಾಣುವ ಜಾಗದಲ್ಲಿ ಕ್ಲೈಮೇಟ್ ಕಂಟ್ರೋಲ್ ಎಂಬ ಉಗುರಿನಷ್ಟು ಗಾತ್ರದ ಸ್ವಿಚ್ಚು ಸಿಕ್ಕಿತು. ಬಾಗಿಲ ಚೌಕಟ್ಟಿನ ಮೇಲೆ ನೀರ ಹನಿ ಕೂರದಂತೆ ಅದು ಒಂದು ಹೀಟರ್ ತಂತಿಯನ್ನು ಬಿಸಿಮಾಡುತ್ತದಂತೆ. ಮರುಭೂಮಿಯ ಒಣ ಗಾಳಿಯಲ್ಲಿ ಅದಕ್ಕೇನು ಕೆಲಸ? ಅದನ್ನು ಆರಿಸಿದಾಗ ಅರ್ಧ ಆಂಪಿಯರ್ ಉಳಿತಾಯವಾಯಿತು. ಕೊನೆಗೆ ಉಳಿದದ್ದು ಫ್ರಿಜ್ಜಿನ ಬೋರ್ಡ್ 0.3, ಗ್ಯಾಸ್ ಡಿಟೆಕ್ಟರ್ 0.1. ಡಿಟೆಕ್ಟರನ್ನು ಮುಟ್ಟಬಾರದೆಂದು ಗೊತ್ತು. 72 ಇದ್ದದ್ದು 10ಕ್ಕೆ ಇಳಿಯಿತು, ಒಂದು ಡಾಲರ್ ಖರ್ಚಿಲ್ಲದೆ.

ಆದರೆ ಇನ್ನೊಂದು ಒಗಟು ಎದ್ದಿದೆ. ಜನರೇಟರ್ ಎರಡು ಗಂಟೆ ಓಡಿಸಿ ನೋಡಿದರೆ ಒಳಗೆ ಹೋದದ್ದು ಒಟ್ಟು 38 ಆಂಪಿಯರ್-ಗಂಟೆ. ಕನ್ವರ್ಟರ್ ಮೇಲೆ 55 ಆಂಪಿಯರ್ ಎಂದು ಬರೆದಿದೆ. ಉಳಿದದ್ದು ಎಲ್ಲಿ ಹೋಯಿತು?

ತಂತಿ ಮೇಷ್ಟ್ರು

ಎಲ್ಲಿಗೂ ಹೋಗಿಲ್ಲ, ಬರಲೇ ಇಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯ ತುದಿಯಲ್ಲಿ ವೋಲ್ಟೇಜ್ ಎಷ್ಟಿತ್ತು ನೋಡಿದಿರಾ? 13.6 ಇದ್ದಿರಬೇಕು. ಆ ಕಾಲದ ಎಷ್ಟೋ ಕನ್ವರ್ಟರ್‌ಗಳು ಹುಕ್‌ಅಪ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆಂದು ಮಾಡಿದವು. ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಕಾಯ್ದುಕೊಳ್ಳಲು 13.6 ಸರಿ, ಬರಿದಾದ ಬ್ಯಾಟರಿಯನ್ನು ಬೇಗ ತುಂಬಲು 14.4ರಿಂದ 14.8 ಬೇಕು. ತಳ್ಳುವ ಒತ್ತಡವೇ ಕಡಿಮೆಯಿದ್ದರೆ ಕರೆಂಟು ಹತ್ತಿಪ್ಪತ್ತು ನಿಮಿಷದಲ್ಲಿ ಇಳಿದುಹೋಗುತ್ತದೆ. ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಪೆಟ್ರೋಲ್ ಕುಡಿಯುವ 4 ಕಿಲೋವ್ಯಾಟ್ ಜನರೇಟರನ್ನು ನೀವು 260 ವ್ಯಾಟ್ ಕೆಲಸಕ್ಕೆ ಓಡಿಸುತ್ತಿದ್ದೀರಿ, ಒಂದು ಲೀಟರ್ ಹಾಲು ತರಲು ಲಾರಿ ಕಳಿಸಿದ ಹಾಗೆ. ಮೂರು ಹಂತಗಳಲ್ಲಿ ಚಾರ್ಜ್ ಮಾಡುವ ಹೊಸ ಕನ್ವರ್ಟರ್ ಹಾಕಿ. ನೀವು ಹಾಕಬೇಕಾದ ಮೊದಲ ದುಡ್ಡು ಅಲ್ಲಿದೆ, ಬ್ಯಾಟರಿಯಲ್ಲಲ್ಲ. ಅದು ಲಿಥಿಯಂಗೂ ಹೊಂದಿಕೊಳ್ಳುವಂಥದ್ದಿರಲಿ.

ಜನರೇಟರ್ ಓಡಿಸುವ ಹೊತ್ತೂ ಮುಖ್ಯ. ಲೆಡ್ ಆಸಿಡ್ ಬ್ಯಾಟರಿ ಬರಿದಾಗಿರುವಾಗ ಗಬಗಬನೆ ತಿನ್ನುತ್ತದೆ, ಮುಕ್ಕಾಲು ಭಾಗ ದಾಟಿದ ಮೇಲೆ ಎಷ್ಟೇ ಬಡಿಸಿದರೂ ತುತ್ತು ಸಣ್ಣದಾಗುತ್ತ ಹೋಗುತ್ತದೆ; ಕೊನೆಯ ಕಾಲುಭಾಗಕ್ಕೆ ನಾಲ್ಕೈದು ಗಂಟೆ ಬೇಕು. ಆದ್ದರಿಂದ ಬೆಳಗ್ಗೆ, ಬ್ಯಾಟರಿ ಅತ್ಯಂತ ಬರಿದಾಗಿರುವಾಗ, ಒಂದು ಗಂಟೆ ಜನರೇಟರ್ ಓಡಿಸಿ. ಮೈಕ್ರೋವೇವ್, ಮಿಕ್ಸಿ, ಫೋನ್ ಚಾರ್ಜಿಂಗ್ ಎಲ್ಲ ಅದೇ ಹೊತ್ತಿನಲ್ಲಿ ಮುಗಿಯಲಿ. ನಿಧಾನವಾಗಿ ತುಂಬುವ ಕೊನೆಯ ಭಾಗವನ್ನು ಸೂರ್ಯನಿಗೆ ಬಿಡಿ, ಅವನಿಗೆ ಅವಸರವೂ ಇಲ್ಲ, ಪೆಟ್ರೋಲೂ ಬೇಡ. ಸಂಜೆ ಓಡಿಸುವವರು ಇದನ್ನು ತಲೆಕೆಳಗು ಮಾಡುತ್ತಾರೆ. ಆದರೆ ಆರು ಗಂಟೆಗೇ ಶುರುಮಾಡಿ ಅಕ್ಕಪಕ್ಕದವರ ನಿದ್ದೆ ಕೆಡಿಸಬೇಡಿ. ಆಯಾ ಜಾಗದಲ್ಲಿ ಒಪ್ಪಿಗೆಯಿರುವ ಹೊತ್ತಿಗೆ ಶುರುಮಾಡಿ.

ಸೂರ್ಯನ ವಿಷಯಕ್ಕೆ ಬಂದೆವಾದ್ದರಿಂದ: ಡಿಸೆಂಬರ್ 21ರ ಮಧ್ಯಾಹ್ನ ಕ್ವಾರ್ಟ್‌ಸೈಟ್‌ನಲ್ಲಿ ಸೂರ್ಯ ದಿಗಂತದಿಂದ 33 ಡಿಗ್ರಿ ಮಾತ್ರ ಮೇಲೇರುತ್ತಾನೆ. ಚಾವಣಿಯ ಮೇಲೆ ಮಲಗಿರುವ ಪ್ಯಾನಲಿಗೆ ನೇರ ಬಿಸಿಲಿನ ಶೇಕಡಾ 54ರಷ್ಟೇ ಸಿಗುವುದು, ಅದೂ ದಿನದ ಅತ್ಯುತ್ತಮ ಗಳಿಗೆಯಲ್ಲಿ. ನಿಮ್ಮ 200 ವ್ಯಾಟ್ ದಿನವಿಡೀ ಕೊಟ್ಟದ್ದು 35 ಆಂಪಿಯರ್-ಗಂಟೆ ದಾಟಿರಲಾರದು. ಎ.ಸಿ. ಪೆಟ್ಟಿಗೆಯ ನೆರಳು ಪ್ಯಾನಲಿನ ಒಂದು ಮೂಲೆಯ ಮೇಲೆ ಬಿದ್ದರೂ ಅದಕ್ಕಿಂತ ಬಹಳ ಕಡಿಮೆ. ಚಾವಣಿ ಹತ್ತಿ ಪ್ಯಾನಲ್ ಎತ್ತಿ ನಿಲ್ಲಿಸುವ ಸರ್ಕಸ್ಸನ್ನು ಗಾಳಿ ಬೀಸುವ ಜಾಗದಲ್ಲಿ ನಾನು ಯಾರಿಗೂ ಹೇಳುವುದಿಲ್ಲ. ನೆಲದ ಮೇಲೆ ನಿಲ್ಲಿಸುವ ಮಡಚುವ ಪ್ಯಾನಲ್ ಒಂದನ್ನು ತಂದು, ದಿನಕ್ಕೆ ಎರಡು ಮೂರು ಸಲ ಸೂರ್ಯನ ಕಡೆ ತಿರುಗಿಸಿ. ಅದರ ಬೆನ್ನಿಗೇ ಅಂಟಿಸಿರುವ, ಚಾರ್ಜನ್ನು ಹದದಲ್ಲಿಡುವ ಕಂಟ್ರೋಲರನ್ನು ಬಿಚ್ಚಿ ಬ್ಯಾಟರಿಯ ಪಕ್ಕಕ್ಕೆ ತನ್ನಿ. ಇಲ್ಲದಿದ್ದರೆ ಉದ್ದ ತಂತಿಯಲ್ಲೇ ಅರ್ಧ ವೋಲ್ಟ್ ಬಿದ್ದುಹೋಗಿ ಬ್ಯಾಟರಿ ತುಂಬುವುದೇ ಇಲ್ಲ.

ಸದಾ ಸಂಚಾರಿ

ಮೇಷ್ಟ್ರ ಲೆಕ್ಕದಲ್ಲಿ ನಾನು ತಪ್ಪು ಹುಡುಕುತ್ತಿಲ್ಲ, ಆದರೆ ಎಲ್ಲರ ಬದುಕೂ ರಜೆಯ ಬದುಕಲ್ಲ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ನನ್ನ ಸ್ಟಾರ್‌ಲಿಂಕ್ ಸುಮಾರು 60 ವ್ಯಾಟ್ ಎಳೆಯುತ್ತದೆ. ಕೆಲಸದ ಹತ್ತು ಗಂಟೆಗೆ 50 ಆಂಪಿಯರ್-ಗಂಟೆ. ಎರಡು ಲ್ಯಾಪ್‌ಟಾಪ್ ಮತ್ತು ಒಂದು ಮಾನಿಟರಿಗೆ ಇನ್ನೊಂದು 70. ಅದರ ಮೇಲೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು. ನಾನು ಆರಿಸಬಹುದಾದದ್ದನ್ನೆಲ್ಲ ಆರಿಸಿದ ಮೇಲೂ ದಿನಕ್ಕೆ 170 ಬೇಕು. ಇದನ್ನು ಲೆಡ್ ಆಸಿಡ್‌ನಲ್ಲಿ ಮಾಡಿ ತೋರಿಸಿ.

ತಂತಿ ಮೇಷ್ಟ್ರು

ಆಗುವುದಿಲ್ಲ. ನಿಮಗೆ ಲಿಥಿಯಂ ಬೇಕು. ನಿಮ್ಮ ಖರ್ಚು ಎಷ್ಟೆಂದು ನಿಮಗೆ ಅಂಕಿಯಲ್ಲಿ ಗೊತ್ತಿದೆ ಎಂಬುದನ್ನೂ ಗಮನಿಸಿ.

ಚಕ್ರದ ಮನೆ

ಫೆಬ್ರವರಿ ನಡುವಿನಲ್ಲಿ ಆಂಜಾ-ಬೊರೇಗೊ ಮರುಭೂಮಿಯ ಸ್ಟೇಟ್ ಪಾರ್ಕಿನಲ್ಲಿ ಹುಕ್‌ಅಪ್ ಇಲ್ಲದೆ ನಾಲ್ಕು ರಾತ್ರಿ ಕಳೆದು ಬಂದೆವು. ಅಪ್ಪ ಅಮ್ಮನೂ ಇದ್ದರು. ಬ್ಯಾಟರಿ ಅದೇ ಹಳೆಯದು. ಬದಲಾದದ್ದು ಕನ್ವರ್ಟರ್, ಹನ್ನೆರಡು ಎಲ್‌ಇಡಿ ಬಲ್ಬುಗಳು ಮತ್ತು ಸಿಪ್ಯಾಪ್‌ಗೆ ನೇರವಾಗಿ 12 ವೋಲ್ಟಿನಿಂದ ಕರೆಂಟ್ ಕೊಡುವ ಅಡಾಪ್ಟರ್.

ಸಿಪ್ಯಾಪ್ ವಿಷಯದಲ್ಲಿ ಅಪ್ಪನ ಜೊತೆ ಒಂದು ಸುತ್ತು ಚರ್ಚೆಯೇ ನಡೆಯಿತು. ಹ್ಯೂಮಿಡಿಫೈಯರ್ ಆರಿಸಿದರೆ ಗಂಟಲು ಒಣಗುತ್ತದೆ ಎಂದು ಅವರು, ಆರಿಸದಿದ್ದರೆ ಯಂತ್ರವೇ ನಿಲ್ಲುತ್ತದೆ ಎಂದು ನಾನು. ಡಾಕ್ಟರನ್ನು ಕೇಳಿದೆವು, ಹೀಟರ್ ಆರಿಸಿ, ತೊಟ್ಟಿಯಲ್ಲಿ ನೀರು ಮಾತ್ರ ಹಾಗೇ ಇರಲಿ, ಗಾಳಿ ಅದರ ಮೇಲೆ ಹಾದುಹೋಗಲಿ ಎಂದರು. ಅಪ್ಪ ಒಪ್ಪಿಕೊಂಡರು. ಒಂದು ರಾತ್ರಿಗೆ 14 ಆಂಪಿಯರ್-ಗಂಟೆ ಆಯಿತು. ಫರ್ನೇಸನ್ನು ಮಲಗುವಾಗ 60 ಡಿಗ್ರಿಗೆ ಇಳಿಸಿ, ಎಲ್ಲರಿಗೂ ಎರಡೆರಡು ರಜಾಯಿ ಕೊಟ್ಟೆವು. ಬೆಳಗ್ಗೆ ಏಳುವ ಅರ್ಧ ಗಂಟೆ ಮೊದಲು ಮಾತ್ರ ಏರಿಸಿದೆವು. ಅದಕ್ಕೆ ಸುಮಾರು 20. ಗ್ಯಾಸ್ ಒಲೆಯನ್ನೇ ಹಚ್ಚಿಟ್ಟು ಬೆಚ್ಚಗೆ ಮಾಡಿಕೊಳ್ಳೋಣ ಎಂದು ಅಮ್ಮ ಹೇಳಿದರು, ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ ಎಂದು ವಿವರಿಸಿ ಬೇಡವೆಂದೆ.

ಮೊದಲ ಬೆಳಗ್ಗೆ ಎದ್ದ ಕೂಡಲೇ ಮಾನಿಟರ್ ನೋಡಿದೆ: ಮೈನಸ್ 49, ಅಂದರೆ ಇನ್ನೂ ಶೇಕಡಾ 78 ಉಳಿದಿತ್ತು. ಹತ್ತು ಗಂಟೆಗೆ ಜನರೇಟರ್ ಹಾಕಿದಾಗ 50 ಆಂಪಿಯರ್‌ನಿಂದ ಶುರುವಾಗಿ, ಮುಕ್ಕಾಲು ಗಂಟೆಯಲ್ಲಿ 29 ಆಂಪಿಯರ್-ಗಂಟೆ ಒಳಗೆ ಹೋಯಿತು. ಆ ಮುಕ್ಕಾಲು ಗಂಟೆಯಲ್ಲಿ ಅಮ್ಮ ಕಾಯಿಚಟ್ನಿ ರುಬ್ಬಿದರು. ಉಳಿದದ್ದನ್ನು ಬಿಸಿಲು ಮಧ್ಯಾಹ್ನ ಮೂರರ ಹೊತ್ತಿಗೆ ತುಂಬಿತು. ಫೆಬ್ರವರಿಯ ಸೂರ್ಯ ಡಿಸೆಂಬರಿಗಿಂತ ಹನ್ನೊಂದು ಡಿಗ್ರಿ ಮೇಲಿರುವುದು ಚೆನ್ನಾಗಿಯೇ ಗೊತ್ತಾಯಿತು. ಮೂರನೇ ದಿನ ಮೋಡ ಕವಿದು ಬಿಸಿಲಿನಿಂದ ಬಂದದ್ದು 12 ಮಾತ್ರ. ಆ ದಿನ ಜನರೇಟರನ್ನು ಮತ್ತೊಂದು ಗಂಟೆ ಓಡಿಸಬೇಕಾಯಿತು.

ಅಂಗಡಿಯವರಿಗೆ ಸದ್ಯಕ್ಕೆ ಬೇಡವೆಂದು ಹೇಳಿದ್ದೇನೆ. ಈ ಬ್ಯಾಟರಿಗಳ ಆಯಸ್ಸು ಮುಗಿದಾಗ ಲಿಥಿಯಂ ಹಾಕಿಸುವೆ. ಆಗಲೂ 400 ಬೇಕಾಗುವುದಿಲ್ಲ, 200 ಸಾಕು ಎಂದು ನನ್ನ ಹಾಳೆ ಹೇಳುತ್ತಿದೆ.

ತಂತಿ ಮೇಷ್ಟ್ರು

ಸಂತೋಷ. ಒಂದು ಕೇಳಬೇಕು: 14.4 ವೋಲ್ಟಿನಲ್ಲಿ ತುಂಬಲು ಶುರುಮಾಡಿದ ಮೇಲೆ ಬ್ಯಾಟರಿಯ ಮುಚ್ಚಳ ತೆಗೆದು ನೀರು ನೋಡಿದ್ದೀರಾ? ಕ್ವಾರ್ಟ್‌ಸೈಟ್‌ಗೆ ಹೋಗುವ ಮೊದಲು ಯಾವತ್ತಾದರೂ ನೋಡಿದ್ದಿರಾ?

ಚಕ್ರದ ಮನೆ

ನೋಡಿರಲಿಲ್ಲ. ಈಗ ಟಾರ್ಚ್ ಹಿಡಿದು ನೋಡಿ ಬಂದೆ. ಆರು ಕೋಶಗಳಲ್ಲಿ ಎರಡರಲ್ಲಿ ತಟ್ಟೆಗಳ ತುದಿ ನೀರಿನಿಂದ ಮೇಲೆ ಕಾಣುತ್ತಿದೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಮನೆಯಲ್ಲಿದೆ. ಈಗಲೇ ಕುತ್ತಿಗೆಯವರೆಗೆ ತುಂಬಿಸಿಬಿಡಲೇ?

ತಂತಿ ಮೇಷ್ಟ್ರು

ಬೇಡ. ಆ ಎರಡು ಕೋಶಗಳಲ್ಲಿ ತಟ್ಟೆಗಳು ಮುಳುಗುವಷ್ಟು ಮಾತ್ರ ಈಗ ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಆರೂ ಕೋಶಗಳನ್ನು ಗುರುತಿನವರೆಗೆ ತುಂಬಿಸಿ. ಚಾರ್ಜ್ ಆಗುವಾಗ ದ್ರವ ಉಬ್ಬುತ್ತದೆ; ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಪೆಟ್ಟಿಗೆಯ ತಳವನ್ನೆಲ್ಲ ತಿನ್ನುತ್ತದೆ. ಕನ್ನಡಕ ಹಾಕಿಕೊಂಡು ಮಾಡಿ.